ಶಹಾಪುರದ ‘ಒಬ್ಬರು’

ಬೇರೆಯವರಿಗೆ ಸಿಟ್ಟು ಬಂದರೆ ಬಾಯಿ ಜೋರಾಗುತ್ತದೆ. ಶಹಾಪುರದಲ್ಲಿ ಗಾದಿ ಹೊಲಿಯುವ ಮಕ್ತುಂಬಿಗೆ ಸಿಟ್ಟು ಬಂದರೆ ಕೈಯಲ್ಲಿರುವ ದಬ್ಬಣ ನಿಲ್ಲುತ್ತದೆ. ಗೇಣುದ್ದದ ಆ ಸೂಜಿ ಗಾದಿಯೊಳಗೆ ಅರ್ಧ ಇಳಿದು ಅಲ್ಲೇ ನಿಂತಿತೆಂದರೆ, ಎದುರಿಗೆ ಕುಳಿತವರು ಮಾತು ಬದಲಿಸುವುದು ಒಳ್ಳೆಯದು ಎಂದು ಅರ್ಥ. ಓಣಿಯ ಹೆಂಗಸರಿಗೆಲ್ಲ ಇದು ಗೊತ್ತು. ಮಗಳು ಅರ್ಜುಮಂದಳಿಗಂತೂ ತೊಟ್ಟಿಲಿನಿಂದಲೇ ಗೊತ್ತು.

ಆದರೂ ಆ ಭಾನುವಾರ ಅರ್ಜುಮಂದ ಮಾತು ಬದಲಿಸಲಿಲ್ಲ.

ಅವಳು ಯಾದಗಿರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರು. ಗಂಡ ಅಯಾಜನೊಂದಿಗೆ ಯಾದಗಿರಿಯಲ್ಲೇ ಮನೆ. ಭಾನುವಾರ ಮಾತ್ರ ತಾಯಿಯ ಹತ್ತಿರ ಬರುತ್ತಾಳೆ. ಆ ದಿನ ಅಂಗಳದಲ್ಲಿ ಅರಳೆಯ ಮೂಟೆಯ ಮೇಲೆ ಕುಳಿತು, ಫೋನು ನೋಡುತ್ತ, ಹಾಳೆಯ ಮೇಲೆ ಏನೇನೋ ಬಾಣದ ಗುರುತು ಹಾಕಿಕೊಳ್ಳುತ್ತಿದ್ದಳು. ಎದುರಿಗೆ ಮಕ್ತುಂಬಿ ಚಾಪೆಯ ಮೇಲೆ ಮಂಡಿಯೂರಿ ಯಾರದೋ ಬಾಣಂತನದ ಗಾದಿಗೆ ಟಾಕು ಹಾಕುತ್ತಿದ್ದಳು.

“ಅಮ್ಮಿ, ಮ್ಯಾಟ್ರೆಸ್ ಅನ್ನೋ ಮಾತು ಎಲ್ಲಿಂದ ಬಂತು ಹೇಳು ನೋಡೋಣು.”

“ಅಂಗಡಿಯಿಂದ ಬಂತು. ಪ್ಲಾಸ್ಟಿಕ್ ಸುತಗೊಂಡು, ಟೆಂಪೋದಾಗ ಕುಂತಗೊಂಡು ಬಂತು. ನನ್ನ ಅನ್ನಕ್ಕ ಮಣ್ಣು ಹಾಕಾಕ ಬಂತು.”

ಅರ್ಜುಮಂದ ನಕ್ಕಳು. “ಹಂಗಲ್ಲ. ಮಾತು, ಮಾತು. ಬುಧವಾರ ನಮಗೆಲ್ಲಾ ತರಬೇತಿ ಅದ. ಒಬ್ಬೊಬ್ಬರು ಒಂದು ಇಂಗ್ಲಿಷ್ ಮಾತು ಹಿಡಕೊಂಡು ಅದರ ಬೇರು ಹುಡುಕಿ ಹೇಳಬೇಕು. ನಾ ಮ್ಯಾಟ್ರೆಸ್ ತಗೊಂಡೀನಿ.”

ಇಷ್ಟು ಕೇಳಿದ್ದೇ ಮಕ್ತುಂಬಿಯ ಎದೆ ಉಬ್ಬಿತು. ಇಂಗ್ಲಿಷಿನಲ್ಲಿ ಎಷ್ಟು ಸಾವಿರ ಮಾತಿವೆಯೋ ಏನೋ, ಅಷ್ಟರೊಳಗೆ ಮಗಳು ಆರಿಸಿಕೊಂಡದ್ದು ಗಾದಿಯನ್ನು. ಆದರೆ ಹೊಗಳುವುದು ಅವಳ ಜಾಯಮಾನವಲ್ಲ. “ಹೂಂ, ಹೇಳು,” ಎಂದು ದಾರ ಎಳೆದಳು.

ಅರ್ಜುಮಂದ ಹಾಳೆಯ ಮೇಲೆ ಬೆರಳಿಟ್ಟು ಹೇಳುತ್ತ ಹೋದಳು. ಇಂಗ್ಲಿಷರು ಈ ಮಾತನ್ನು ಕಂಡುಹಿಡಿದವರಲ್ಲ, ಫ್ರೆಂಚರಿಂದ ಪಡೆದವರು. ಏಳುನೂರು ವರ್ಷದ ಹಿಂದಿನ ಫ್ರೆಂಚರು ‘ಮಟರಾ’ ಎನ್ನುತ್ತಿದ್ದರು. ಅವರಿಗೆ ಅದು ಹೋದದ್ದು ಇಟಲಿಯಿಂದ, ಅಲ್ಲಿ ‘ಮಟರಾಸ್ಸೊ’. ಇಟಲಿಯ ಪಂಡಿತರು ಅದನ್ನೇ ಲ್ಯಾಟಿನ್ನಿನಲ್ಲಿ ಬರೆದಿಟ್ಟರು. ಆ ಕಾಲದಲ್ಲಿ ಆ ಕಡೆಯ ದೊಡ್ಡ ಜನ ಎತ್ತರದ ಕುರ್ಚಿ, ಎತ್ತರದ ಮಂಚ ಎನ್ನುತ್ತಿದ್ದರು. ಅರಬರ ಜೊತೆ ವ್ಯಾಪಾರ, ಕಾದಾಟ, ನೆರೆಹೊರೆ ಎಲ್ಲ ಆದ ಮೇಲೆ, ನೆಲದ ಮೇಲೆ ಮೆತ್ತಗಿನದೊಂದು ಹಾಸಿ ಅದರ ಮೇಲೆ ಒರಗುವ ಸುಖ ಅವರಿಗೂ ತಿಳಿಯಿತು. ಸುಖದ ಜೊತೆಗೆ ಅದರ ಹೆಸರನ್ನೂ ಕೊಂಡೊಯ್ದರು. ಅರಬ್ಬಿಯಲ್ಲಿ ಅದು ‘ಮತ್ರಹ್’.

“ಅರಬ್ಬಿ!” ಮಕ್ತುಂಬಿ ತಲೆ ಎತ್ತಿದಳು. “ನಮ್ಮ ಕುರಾನಿನ ಭಾಷಿ?”

“ಹೌ. ನಾವು ‘ಈ ತರಹ, ಆ ತರಹ’ ಅಂತೀವಲ್ಲ, ಆ ‘ತರಹ’ನೂ ಇದರ ಒಡಹುಟ್ಟಿದ್ದಂತ. ಒಂದೇ ಬೇರು.”

“ಮತ್ತ ಮತ್ರಹ್ ಅಂದ್ರ ಏನು?”

ಇಲ್ಲಿಗೆ ಅರ್ಜುಮಂದ ನಿಲ್ಲಿಸಬಹುದಾಗಿತ್ತು. ಇಂಗ್ಲಿಷ್ ಟೀಚರುಗಳು ಅರ್ಧಕ್ಕೆ ನಿಲ್ಲಿಸುವುದಿಲ್ಲ. “ತರಹ ಅಂದ್ರ ಒಗಿಯೋದು, ಎಸಿಯೋದು. ಮತ್ರಹ್ ಅಂದ್ರ ಒಗದ ಜಾಗ. ನೆಲಕ್ಕ ಒಗದದ್ದು.”

ದಬ್ಬಣ ನಿಂತಿತು.

“ಒಗದದ್ದು?”

“ಅಮ್ಮಿ, ಅದು ಡಿಕ್ಷನರಿಯಾಗ ಅದ.”

“ಯಾವ ಬಾಡಕೊ ಬರದಾನ ಆ ಡಿಕ್ಷನರಿ? ಬೆನ್ನು ಬಗ್ಗಿಸಿ, ಕಣ್ಣು ಕಳಕೊಂಡು, ಬೆರಳು ಚುಚ್ಚಿಗೊಂಡು ಹೊಲಿಯೋದು ನಾವು. ಒಗದದ್ದು ಅಂತ! ಚಪ್ಪಲಿ ಒಗೀತಾರ, ಮುಸುರಿ ನೀರು ಒಗೀತಾರ. ಗಾದಿ ಒಗೀತಾರೇನು? ಬಾಣಂತಿ ಮಲಗೋದು, ಮದುಮಕ್ಕಳು ಮಲಗೋದು!”

“ಯಾರರ ಮನಿಗಿ ಬಂದ್ರ ನೀನ ಅಂತೀಯಲ್ಲ, ‘ಒಂದು ಚಾಪಿ ಒಗದು ಕುಂದರಸು’ ಅಂತ?”

“ಅದು ಚಾಪಿ!” ಎಂದು ಮಕ್ತುಂಬಿ ಆ ಮಾತನ್ನು ಅಲ್ಲಿಗೇ ಕಡಿದು, ದಬ್ಬಣವನ್ನು ಎಷ್ಟು ಜೋರಾಗಿ ಎಳೆದಳೆಂದರೆ ಟಾಕು ಬಿಗಿಯಾಗಿ ಗಾದಿಯಲ್ಲಿ ಗುಣಿ ಬಿತ್ತು. ಬೈದುಕೊಳ್ಳುತ್ತ ಅದನ್ನು ಬಿಚ್ಚಿದಳು.

ಮಕ್ತುಂಬಿ ಹುಟ್ಟಿದ್ದು ಸುರಪುರದಲ್ಲಿ, ಪಿಂಜಾರರ ಮನೆಯಲ್ಲಿ. ಕೊಟ್ಟದ್ದು ಶಹಾಪುರಕ್ಕೆ, ಅದೂ ಪಿಂಜಾರರ ಮನೆಗೇ. ಮನೆಯೊಳಗೆ ಅರ್ಧ ದಖನಿ ಅರ್ಧ ಕನ್ನಡ, ಅಂಗಳಕ್ಕೆ ಇಳಿದರೆ ಪೂರಾ ಕನ್ನಡ. ಗಂಡ ಅಬ್ದುಲ್ ಕರೀಮ ಅರಳೆ ಹಿಂಜುವ ಆಳೆತ್ತರದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಬಿಲ್ಲಿನ ನರದ ಹುರಿಯನ್ನು ಕೊಡತಿಯಿಂದ ಮೀಟಿದರೆ ಟೊಂಯ್ಯ್ ಎಂದು ಹೊರಡುವ ನಾದಕ್ಕೆ ಹೆಂಗಸರು ಹಳೆಯ ಗಾದಿಗಳನ್ನು ಹೊತ್ತು ಕಟ್ಟೆಗೆ ಬರುತ್ತಿದ್ದರು. ಅವನು ಹಿಂಜುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಮೂವತ್ತು ವರ್ಷ ಅರಳೆಯ ಧೂಳು ಕುಡಿದ ಅವನ ಎದೆ ಒಂದು ಬೇಸಿಗೆ ಕೈಬಿಟ್ಟಿತು. ಅರ್ಜುಮಂದ ಆಗ ಏಳನೆಯ ಕ್ಲಾಸು.

ಗಂಡನ ಬಿಲ್ಲನ್ನು ಮಕ್ತುಂಬಿಯೇ ಎತ್ತಿಕೊಂಡಳು. ಹೆಂಗಸು ಬಿಲ್ಲು ಹಿಡಿದದ್ದನ್ನು ಓಣಿ ನೋಡಿರಲಿಲ್ಲ. “ಮಕ್ತುಂಬಿ ಯುದ್ಧಕ್ಕ ಹೊಂಟಾಳ,” ಎಂದು ಜನ ನಕ್ಕರು. ಜಮಾತಿನ ಹಿರಿಯರು ಬಂದು ಬುದ್ಧಿ ಹೇಳಿದರು. ಅವಳು ದಬ್ಬಣ ನಿಲ್ಲಿಸಿ ಅವರನ್ನು ನೋಡಿದಳು, ಅವರು ಚಹಾ ಕುಡಿಯದೆ ಎದ್ದು ಹೋದರು. ಬೋನಾಳದ ಗೊಲ್ಲಾಳಮ್ಮ ಎಂಬ ರೈತಾಪಿ ಹೆಣ್ಣುಮಗಳು ಮಾತ್ರ ಐದು ಗಾದಿ ತಂದು ಎದುರಿಗೆ ಹಾಕಿ, “ಹಿಂಜು ಬೇ ಮಕ್ತುಂಬವ್ವ. ನನಗ ಬೇಕಾಗಿದ್ದು ನಿದ್ದಿ, ನಿನ್ನ ಮೀಸಿ ಅಲ್ಲ,” ಎಂದಳು. ಅಲ್ಲಿಂದ ಕೆಲಸ ಹಿಡಿಯಿತು. ಮುಂದೆ ಹಿಂಜುವ ಮಷೀನು ಬಂತು. ಮಗಳು ಕಲಬುರಗಿಯಲ್ಲಿ ಓದಿದಳು, ಬಿ.ಎಡ್. ಮಾಡಿದಳು, ನೌಕರಿ ಹಿಡಿದಳು. ಅವಳು ಓದಿದ ಒಂದೊಂದು ಪುಸ್ತಕದ ಹಿಂದೆಯೂ ಒಂದೊಂದು ಗಾದಿ ಇದೆ ಎಂದರೆ ಅದರಲ್ಲಿ ಒಂದು ಗುಂಜಿಯೂ ಉತ್ಪ್ರೇಕ್ಷೆಯಿಲ್ಲ.

ನೌಕರಿ ಹಿಡಿದ ಮರುವರ್ಷ ಅರ್ಜುಮಂದಳ ಶಾಲೆಯ ಗುರುದೇವಿ ಎಂಬ ಇನ್ನೊಬ್ಬ ಇಂಗ್ಲಿಷ್ ಟೀಚರು ಮನೆಗೆ ಊಟಕ್ಕೆ ಬಂದಿದ್ದಳು. ಬರುವ ಮೊದಲು ಅರ್ಜುಮಂದ ತಾಯಿಯ ಹಿಂದೆ ಮುಂದೆ ಸುಳಿದು, “ಅಮ್ಮಿ, ಮಷೀನಿನ ಖೋಲಿ ಸ್ವಲ್ಪ ಮುಚ್ಚಿರಲಿ. ಧೂಳು,” ಎಂದಿದ್ದಳು. ಧೂಳು ಎಂದುಕೊಂಡೇ ಮಕ್ತುಂಬಿ ಚಿಲಕ ಹಾಕಿದಳು. ಊಟಕ್ಕೆ ಕುಳಿತ ಗುರುದೇವಿ ಕೇಳಿದಳು: “ನಿಮ್ಮ ಬಟ್ಟಿ ಅಂಗಡಿ ಯಾವ ಕಡಿ ಬರ್ತದ್ರಿ ಅಮ್ಮ? ಅರ್ಜುಮಂದ ಟೀಚರ್ ಹೇಳ್ತಿರ್ತಾರ.” ಮಗಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮಕ್ತುಂಬಿ ಆ ಕ್ಷಣಕ್ಕೆ, “ಬಜಾರದಾಗ ಅದ್ರಿ,” ಎಂದುಬಿಟ್ಟಳು. ಇಲ್ಲದ ಅಂಗಡಿಗೆ ತಾನೇ ಜಾಗ ತೋರಿಸಿದಳು. ಆ ಮಾತಿಗೆ ಈಗ ಎಂಟು ವರ್ಷ. ತಾಯಿ ಕೇಳಲಿಲ್ಲ, ಮಗಳು ಹೇಳಲಿಲ್ಲ.

ಹಾಗಾಗಿ ಆ ಭಾನುವಾರ ಮಕ್ತುಂಬಿಗೆ ಒಂದೇ ಒಂದು ಮಾತು ತಿಳಿಯಬೇಕಿತ್ತು. ಬಿಚ್ಚಿದ ಟಾಕನ್ನು ಮತ್ತೆ ಹಾಕುತ್ತ, ಮೇಲೆ ನೋಡದೆ ಕೇಳಿದಳು:

“ಅಲ್ಲಿ ನಿಂತು ಹೇಳೋವಾಗ, ಇದನ್ನ ಮಾಡೋರು ಯಾರು ಅಂತನೂ ಹೇಳ್ತೀ ಏನು?”

“ಮಾತಿನ ಇತಿಹಾಸ ಅಮ್ಮಿ ಅದು. ಮಾಡೋರ ಇತಿಹಾಸ ಅಲ್ಲ.” ಹಾಳೆ ಮಡಚಿದಳು. “ಒಂದು ಸಣ್ಣ ಗಾದಿ ತೋರಸಾಕ ಬೇಕಾಗಿತ್ತು. ಅಯಾಜ್ ಮಂಗಳವಾರ ಈ ಕಡಿ ಬರ್ತಾರ. ಅವರ ಕೈಯಾಗ ಕೊಟ್ಟು ಕಳಸು.”

“ನನ್ನ ಗಾದಿ ನಾನ ತರ್ತೀನಿ.”

“ಬಸ್ಸಿನಾಗ ಗದ್ದಲ ಇರ್ತದ...”

“ಬಸ್ಸು ನನಗ ಹೊಸಾದಲ್ಲ.”

ಮಗಳ ಮುಖ ಸಣ್ಣದಾದದ್ದನ್ನು ಮಕ್ತುಂಬಿ ನೋಡಿದಳು. ನೋಡಿಯೂ ನೋಡದವಳಂತೆ ದಾರ ಹಲ್ಲಿನಿಂದ ಕಡಿದಳು.

ಬುಧವಾರ ಬೆಳಿಗ್ಗೆ ಕೂಸಿನ ಅಳತೆಯದೊಂದು ಗಾದಿಯನ್ನು ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಮಕ್ತುಂಬಿ ಯಾದಗಿರಿಗೆ ಬಂದಳು. ತರಬೇತಿಯ ಹಾಲಿನಲ್ಲಿ ನಲವತ್ತು ಟೀಚರುಗಳು. ಅರ್ಜುಮಂದ ಬಾಗಿಲಿಗೇ ಬಂದು ಗಾದಿ ಇಸಿದುಕೊಂಡಳು. “ಅಲ್ಲಿ ಹಿಂದ ಕುಂದ್ರು ಅಮ್ಮಿ, ಫ್ಯಾನ್ ಕೆಳಗ,” ಎಂದು ನೀರಿನ ಡ್ರಮ್ಮಿನ ಪಕ್ಕದ ಕೊನೆಯ ಬೆಂಚು ತೋರಿಸಿದಳು. ಯಾರಿಗೂ ಪರಿಚಯ ಮಾಡಿಸಲಿಲ್ಲ. ಗುರುದೇವಿ ಮುಂದಿನ ಸಾಲಿನಲ್ಲಿದ್ದಳು, ಹಿಂದಿರುಗಿ ನೋಡಿರಲಿಲ್ಲ.

ತರಬೇತಿ ಕೊಡಲು ಬಂದವರು ಭಗವಂತರಾಯ ಎಂಬ ಹಿರಿಯರು. ಕೈಯಲ್ಲೊಂದು ಫೈಲು, ಅದರಲ್ಲಿ ಯಾವ ಮಾತು ಎಲ್ಲಿಂದ ಬಂತೆಂಬ ಅಚ್ಚಾದ ಪಟ್ಟಿ. ಗುರುಮಠಕಲ್ಲಿನಿಂದ ಬಂದ ಶರಣಕುಮಾರ ಎಂಬ ಟೀಚರು ‘ಕಾಟ್’ ಮಾತನ್ನು ಹಿಂದಿಯ ಖಾಟಿನವರೆಗೆ, ಅಲ್ಲಿಂದ ನಮ್ಮ ‘ಕಟ್ಟು’ವಿನ ತನಕ ಎಳೆತಂದ. ಭಗವಂತರಾಯರು ಪಟ್ಟಿ ನೋಡಿ, “ಹಿಂದಿ ತನಕ ಸರಿ ಅದ, ಮುಂದಿಂದು ಬಿಡ್ರಿ,” ಎಂದರು. ಆಮೇಲೆ ಅರ್ಜುಮಂದಳ ಸರದಿ.

ಅವಳು ಮೇಜಿನ ಮೇಲೆ ಗಾದಿ ಬಿಡಿಸಿಟ್ಟು, ಭಾನುವಾರ ಅಂಗಳದಲ್ಲಿ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಚಂದವಾಗಿ ಹೇಳಿದಳು. ಇಂಗ್ಲಿಷ್, ಫ್ರೆಂಚ್, ಇಟಲಿ, ಲ್ಯಾಟಿನ್. ಮಕ್ತುಂಬಿಗೆ ಇಂಗ್ಲಿಷು ತಿಳಿಯದು, ಆದರೆ ಊರುಗಳ ಹೆಸರು ತಿಳಿಯುತ್ತಿದ್ದವು. ಮಾತು ಒಂದೊಂದೇ ಊರು ದಾಟಿ ತನ್ನ ಹತ್ತಿರ ಬರುತ್ತಿದೆ ಎಂದು ಬೆಂಚಿನ ತುದಿಗೆ ಸರಿದು ಕುಳಿತಿದ್ದಳು.

“ಸಾಕು, ಸಾಕು,” ಭಗವಂತರಾಯರು ಕೈ ಎತ್ತಿದರು. “ಲ್ಯಾಟಿನ್ನಿಗೆ ಮುಗೀತದ. ನನ್ನ ಪಟ್ಟಿಯಾಗೂ ಲ್ಯಾಟಿನ್ ಅಂತ ಅದ.”

“ಸರ್, ಲ್ಯಾಟಿನ್ನಿಗೆ ಅರಬ್ಬಿಯಿಂದ...”

“ಅದ್ಯಾಕ ಎಳೀತೀರಿ ಟೀಚರ? ಲ್ಯಾಟಿನ್ ಅಂದ್ರ ತಾಯಿ ಬೇರು. ಅದರ ಹಿಂದ ಯಾಕ ಹೋಗ್ತೀರಿ?”

ಅರ್ಜುಮಂದ ಫೋನು ಮುಂದೆ ಹಿಡಿದಳು. “ಡಿಕ್ಷನರಿಯಾಗ ಅದ ಸರ್. ಮತ್ರಹ್, ನೆಲಕ್ಕೆ ಎಸೆದದ್ದು ಅಂತ ಅರ್ಥ.”

“ಎಸೆದದ್ದು?” ಅವರು ಗಾದಿಯನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರು. “ಎಸೆದದ್ದು ಅಂದ್ರ ಕಸ ಆತಲ್ರೀ! ಫೋನಿನಾಗ ಏನೇನೋ ಬರ್ತದ.” ಹಾಲು ನಕ್ಕಿತು. ನಗು ಇಳಿದ ಮೇಲೆ, ಸಮಾಧಾನ ಮಾಡುವವರಂತೆ ಕೇಳಿದರು: “ಇರಲಿ, ಗಾದಿ ಚಂದ ಅದ. ಇಂಥಾವು ಈಗ ಯಾರು ಮಾಡ್ತಾರ? ಎಲ್ಲಿಂದ ತಂದ್ರಿ?”

ಮಕ್ತುಂಬಿ ಕತ್ತು ಮುಂದೆ ಚಾಚಿದಳು.

“ಶಹಾಪುರದಾಗ ಒಬ್ರು ಮಾಡ್ತಾರ್ರಿ, ಸರ್,” ಎಂದಳು ಅರ್ಜುಮಂದ.

ಒಬ್ಬರು.

ಮಕ್ತುಂಬಿ ಎದ್ದಳು. ಬೆಂಚುಗಳ ನಡುವಿನಿಂದ ನೆಟ್ಟಗೆ ಮೇಜಿನ ಹತ್ತಿರ ಬಂದಳು. ಸೊಂಟದ ಸಂಚಿಯಿಂದ ಕತ್ತರಿ ತೆಗೆದು, ಯಾರೂ ಬೇಡ ಎನ್ನುವ ಮೊದಲೇ ಗಾದಿಯ ಒಂದು ಮಗ್ಗುಲಿನ ಹೊಲಿಗೆ ಚರಚರ ಕತ್ತರಿಸಿ, ಒಳಗಿನ ಅರಳೆಯನ್ನು ಮೇಜಿನ ತುಂಬ ಸುರಿದಳು.

“ಕಸ ಅಂದ್ರಿ. ನೋಡ್ರಿ ಇಲ್ಲಿ.” ಒಂದು ಹಿಡಿ ಅರಳೆಯನ್ನು ಮುಷ್ಟಿ ಮಾಡಿ ಗಾದಿಯ ಬಾಯಿಗೆ ತುರುಕಿದಳು. “ಹಿಂಗ ತುರಕಿದ್ರ ಗಂಟು ಆಗ್ತದ. ಮುಟ್ರಿ. ಮುಟ್ರಿ ಅಂತೀನಿ! ಕಲ್ಲಿದ್ದಂಗ ಅದ ಇಲ್ಲೋ? ಇದರ ಮ್ಯಾಲ ಮಲಗಿದಾಕಿ ಮುಂಜಾನಿ ಬೆನ್ನು ಹಿಡಕೊಂಡು ಏಳ್ತಾಳ.” ಗಂಟನ್ನು ಕಿತ್ತು ಹೊರಗೆ ಹಾಕಿ, ಅರಳೆಯನ್ನು ಬೆರಳ ತುದಿಯಲ್ಲಿ ಬಿಡಿಸಿದಳು, ಅಂಗೈ ಮೇಲೆ ಹಗುರ ಮಾಡಿದಳು. ಮುಂಗೈ ತಿರುಗಿಸಿ ಗಾದಿಯೊಳಗೆ ಎಸೆದಳು. ಅದು ಹಾರಿ ಹೋಗಿ ತುದಿಯ ಮೂಲೆಯಲ್ಲಿ ತಾನೇ ಕುಳಿತಿತು. ಇನ್ನೊಂದು. ಮತ್ತೊಂದು. “ಗಾದಿ ತುರಕಂಗಿಲ್ಲ. ಒಗೀಬೇಕು. ಒಗದ್ರನ ಪದರ ಪದರ ಕೂಡತದ. ಈ ಒಗಿಯೋದು ಕಲೀಲಾಕ ನನಗ ಆರು ವರ್ಷ ಹಿಡೀತು. ಅರಬರು ಸುಮ್ಮ ಹೆಸರಿಟ್ಟಿಲ್ಲ. ಅವರಾಗೂ ಯಾರೋ ನನ್ನಂಥಾಕಿ ಇರಬೇಕು.”

ಡಿಕ್ಷನರಿಯಲ್ಲಿ ಹೀಗೆ ಬರೆದಿಲ್ಲ. ಆದರೆ ಆ ಹೊತ್ತಿನಲ್ಲಿ ಡಿಕ್ಷನರಿಯ ಪರವಾಗಿ ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ. ಎಸೆದ ಅರಳೆಯಲ್ಲಿ ಒಂದಿಷ್ಟು ಫ್ಯಾನಿನ ಗಾಳಿಗೆ ಎದ್ದು, ಒಂದು ತುಣುಕು ಭಗವಂತರಾಯರ ಕನ್ನಡಕದ ಮೇಲೂ ಎರಡು ಅವರ ಕೋಟಿನ ಮೇಲೂ ಬಂದು ಕುಳಿತವು.

ಅವರು ಕೆಂಪಗಾದರು. “ಯಾರಮ್ಮ ನೀನು? ಒಳಗ ಯಾರು ಬಿಟ್ಟರು? ಯಾರಿವಳು?”

ಮಕ್ತುಂಬಿಯ ನಾಲಿಗೆಯ ತುದಿಯಲ್ಲಿ ಉತ್ತರ ಇತ್ತು. ಅವಳು ಅದನ್ನು ನುಂಗಿಕೊಂಡಳು. ಮಗಳ ಕಡೆ ಕತ್ತರಿ ತೋರಿಸಿ ಎಂದಳು:

“ಅಕಿನ್ನ ಕೇಳ್ರಿ.”

ಅರ್ಜುಮಂದಳ ಕಣ್ಣು ಮೇಜಿನ ಮೇಲಿತ್ತು. ತಾಯಿಯ ಬೆರಳುಗಳು ಅಲ್ಲೇ, ಅರಳೆಯ ನಡುವೆ ಇದ್ದವು. ತೋರುಬೆರಳಿನ ತುದಿ ದಬ್ಬಣದಿಂದ ಒರಟಾಗಿ, ಉಗುರು ಅರ್ಧ ಸೀಳಿ, ಕಪ್ಪಾಗಿ ಹೋಗಿತ್ತು. ತಿಂಗಳಿಗೊಮ್ಮೆ ಕಲಬುರಗಿಯ ಹಾಸ್ಟೆಲಿಗೆ ರೊಟ್ಟಿಯ ಗಂಟು ತರುತ್ತಿದ್ದ ಬೆರಳು. ಅದನ್ನು ಹಿಡಿದುಕೊಳ್ಳಲು ಆಗಲೂ ನಾಚಿದ್ದಳು.

“ನಮ್ಮಮ್ಮಿ ಸರ್,” ಎಂದಳು. ದನಿ ಕೇಳಿಸಲಿಲ್ಲ. ತಾಯಿಯ ಪಕ್ಕಕ್ಕೆ ಬಂದು ನಿಂತು ಮತ್ತೆ ಹೇಳಿದಳು. “ಇವರು ನಮ್ಮ ತಾಯಿ, ಮಕ್ತುಂಬಿ ನದಾಫ್. ಪಿಂಜಾರಿಕಿ ಮಾಡ್ತಾರ. ಶಹಾಪುರದಾಗ ಒಬ್ರು ಅಂದೆನಲ್ರಿ, ಅವರು ಇವರ. ಈ ಗಾದಿ ಇವರು ಹೊಲಿದದ್ದು, ನನ್ನ ಓದಿಸಿದವರೂ ಇವರ.”

ಮುಂದಿನ ಸಾಲಿನಿಂದ ಗುರುದೇವಿ ಬಾಯಿಬಿಟ್ಟಳು. “ಬಟ್ಟಿ ಅಂಗಡಿ ಅಂದಿದ್ರಲ್ಲ ಟೀಚರ?”

“ಸುಳ್ಳು ಹೇಳಿದ್ದೆ.”

“ನಾನೂ ಹೇಳಿದ್ನೆವ್ವ,” ಎಂದಳು ಮಕ್ತುಂಬಿ, ಗುರುದೇವಿಯತ್ತ ತಿರುಗಿ. “ಬಜಾರದಾಗ ಅದ ಅಂದೆ. ಬಜಾರದಾಗ ನಮ್ಮದು ಒಂದು ಕಲ್ಲೂ ಇಲ್ಲ.”

ಭಗವಂತರಾಯರು ಕನ್ನಡಕ ಒರೆಸಿಕೊಂಡರು. ಪಟ್ಟಿಯ ಮೇಲೆ ಕಣ್ಣಾಡಿಸಿದರು. ಪಟ್ಟಿಯಲ್ಲಿ ಇಂಥದ್ದಕ್ಕೆ ಏನೂ ಬರೆದಿರಲಿಲ್ಲ. “ಆತು, ಆತು. ಲ್ಯಾಟಿನ್ ಅಂತನ ಬರಕೊಳ್ರಿ ಎಲ್ಲಾರೂ. ಮುಂದಿನವರು ಬರ್ರಿ,” ಎಂದರು.

“ನಾ ಅರಬ್ಬಿ ಅಂತನ ಬರಕೋತೀನಿ ಸರ್,” ಎಂದಳು ಅರ್ಜುಮಂದ. ಅರಳೆಯನ್ನೆಲ್ಲ ಬಾಚಿ ಗಾದಿಯೊಳಗೆ ಹಾಕಿಕೊಂಡಳು. ಎಸೆಯಲಿಲ್ಲ, ಗಾಬರಿಯಲ್ಲಿ ತುರುಕಿದಳು. ಮಕ್ತುಂಬಿ ಅದನ್ನು ನೋಡಿ ಹಲ್ಲು ಕಚ್ಚಿದಳು.

ಹೊರಗೆ ಪಡಸಾಲೆಗೆ ಬಂದದ್ದೇ ತಾಯಿ ತಿರುಗಿ ನಿಂತಳು. ಮಗಳು ಹೇಳಿದ್ದಕ್ಕೆ ತಾಯಿಯ ಮನಸ್ಸು ತಣ್ಣಗಾಯಿತೆಂದು ಯಾರಾದರೂ ತಿಳಿದರೆ ಅವರಿಗೆ ಮಕ್ತುಂಬಿ ಗೊತ್ತಿಲ್ಲ.

“ಒಂದು ಮಾತು ಹುಡಕೊಂಡು ಅರಬಸ್ತಾನದ ತನಕ ಹೋಗಿ ಬಂದಿ. ನದಾಫ್ ಅಂದ್ರ ಏನಂತ ನಿಮ್ಮ ಅಬ್ಬಾ ಹೇಳಿದ್ದರು, ನೆನಪು ಅದೇನು?”

“ಅರಳಿ ಹಿಂಜೋನು.”

“ಅದೂ ಅರಬ್ಬಿನ. ಅಲ್ಲಿಂದ ಇಲ್ಲಿ ತನಕ, ಎಷ್ಟೋ ತಲಿಮಾರು ಒಬ್ಬರ ಹೆಗಲಿನಿಂದ ಒಬ್ಬರ ಹೆಗಲಿಗಿ ಹೊತಗೊಂಡು ಬಂದ ಹೆಸರು. ನಿನ್ನ ಶಾಲಿ ಬೋರ್ಡಿನ ಮ್ಯಾಲ ಏನು ಬರಸೀದಿ? ಅರ್ಜುಮಂದ ಎ. ಕರೀಮ. ಆ ಮುದುಕ ಲ್ಯಾಟಿನ್ನಿಗೆ ನಿಂತ ಅಂತ ಅವನ ಮ್ಯಾಲ ಸಿಟ್ಟಿಗೆದ್ದಿ. ನೀ ಎಲ್ಲಿಗಿ ನಿಂತಿದ್ದಿ? ಶಹಾಪುರದ ಹೊಸ್ತಿಲದಾಗನ ನಿಂತಿದ್ದಿ!”

ಅರ್ಜುಮಂದಳಿಗೆ ಅಳು ಬಂತು. ಮಕ್ತುಂಬಿ ಸೆರಗಿನಿಂದ ಅವಳ ಮುಖ ಒರೆಸಿದಳು. ಒರೆಸುವುದೂ ಸಿಟ್ಟಿನಲ್ಲೇ, ಮಗಳ ಮೂಗು ನೋಯುವಷ್ಟು. “ಚಿಲಕ ಹಾಕಿದಾಕಿ ನಾನ. ಅದಕ್ಕ ನನ್ನ ಮ್ಯಾಲ ನನಗ ಸಿಟ್ಟು. ಅದು ಬ್ಯಾರೆ. ನಿನ್ನ ಮ್ಯಾಲಿಂದು ಬ್ಯಾರೆ. ಎರಡೂ ಇನ್ನ ಭಾಳ ದಿನ ಇರ್ತಾವ.”

ಮಧ್ಯಾಹ್ನ ತರಬೇತಿ ಮುಗಿದ ಮೇಲೆ ತಾಯಿ ಮಗಳು ಬಸ್‌ಸ್ಟ್ಯಾಂಡಿಗೆ ನಡೆದರು. ಗಾದಿಯನ್ನು ಅರ್ಜುಮಂದ ಹೊತ್ತಿದ್ದಳು. ಕಂಕುಳಲ್ಲಿ ಹಿಡಿದರೆ ಕತ್ತರಿಸಿದ ಬಾಯಿಂದ ಅರಳೆ ಉದುರುತ್ತದೆಂದು ತಾಯಿ ಬೈದದ್ದಕ್ಕೆ ತಲೆಯ ಮೇಲೆ ಇಟ್ಟುಕೊಂಡಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೊರಳಲ್ಲಿ ಶಾಲೆಯ ಗುರುತಿನ ಚೀಟಿ, ತಲೆಯ ಮೇಲೆ ಗಾದಿ. ಬಿಸಿಲಿನಲ್ಲಿ ಸೋಡಾ ಕುಡಿಯುತ್ತಿದ್ದ ಅವಳ ಶಾಲೆಯ ಮೂವರು ಹುಡುಗಿಯರು ಬಾಟಲಿ ಕೆಳಗಿಟ್ಟು, “ನಮಸ್ತೆ ಮಿಸ್,” ಎಂದು ಕಣ್ಣರಳಿಸಿದರು. ಅವಳು ಒಂದು ಕೈಯಿಂದ ಗಾದಿ ಹಿಡಿದು ಇನ್ನೊಂದು ಕೈ ಎತ್ತಿದಳು.

ಶಹಾಪುರದ ಬಸ್ಸು ನಿಂತಿತ್ತು. ಕಂಡಕ್ಟರು ಮೆಟ್ಟಿಲಿಗೆ ಅಡ್ಡ ಬಂದ.

“ಯಾರ್ದ್ರೀ ಗಾದಿ? ಮಾರಾಟದ್ದೇನು?”

“ಮಾರಾಟದ್ದಲ್ರೀ, ನಮ್ಮದು,” ಎಂದಳು ಅರ್ಜುಮಂದ, ಸ್ಟ್ಯಾಂಡಿನವರೆಲ್ಲ ಕೇಳುವಂತೆ. “ನಾವು ಪಿಂಜಾರರು. ನಾವ ಮಾಡ್ತೀವಿ.”

“ನಾವ?” ಒಳಗೆ ಕಿಟಕಿಯ ಪಕ್ಕ ಆಗಲೇ ಕುಳಿತಿದ್ದ ಮಕ್ತುಂಬಿ ತಲೆ ಹೊರಗೆ ಹಾಕಿದಳು. “ನೀ ಯಾವಾಗ ಮಾಡ್ದಿ? ಒಂದು ಟಾಕು ಹಾಕಾಕ ಬರಂಗಿಲ್ಲ ನಿನಗ. ತುರುಕಿ ತುರುಕಿ ನನ್ನ ಗಾದಿ ಗಂಟು ಮಾಡಿ ಇಟ್ಟೀದಿ. ಕೂಡು ಇಲ್ಲಿ, ಮಗ್ಗುಲಕ. ಬಿಚ್ಚು ಅದನ್ನ. ಊರು ಬರೋದ್ರಾಗ ಅಷ್ಟೂ ಗಂಟು ಬಿಡಿಸಬೇಕು ನೀನು.”